ನಮಗೆ ಎಡೆಗೊಟ್ಟ ಪೇಟೆ

(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಈ ಪುಟ್ಟ ದೇವಾಲಯಕ್ಕೆ ನೂರು ವರುಷ ತುಂಬಿದ ಶುಭಸಂದರ್ಭದಲ್ಲಿ ವಿರಾಜಪೇಟೆಯ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ನಮ್ಮ ದೇವಾಲಯದ ಹಬ್ಬದಲ್ಲಿ ಪೇಟೆಯ ಕಥೆ ಏತಕ್ಕೆ ಎಂದು ಕೆಲವರಿಗಾದರೂ ಅನಿಸೀತು. ತೋಟಗಳ ನಡುವಣ ಈ ದೇವಾಲಯ ಏಳುವ ಮುನ್ನ ನಮ್ಮ ಹಿರಿಯರು ಮಗುವಿನ ಜ್ಞಾನಸ್ನಾನಕ್ಕೂ, ಮದುವೆಗೂ, ಕೊನೆಗೆ ಮಣ್ಣಿಗೂ ನಡೆದು ಹೋಗುತ್ತಿದ್ದುದು ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೇ. ಮಗಳ ಮನೆಯ ಸಂಭ್ರಮದಲ್ಲಿ ತಾಯಿಯ ಮಾತು ಬಾರದೆ ಇದ್ದೀತೆ?

ಮಲೆತಿರಿಕೆ ಬೆಟ್ಟದ ಇಳಿಜಾರಿನಲ್ಲಿ ಹಬ್ಬಿರುವ ಈ ಪೇಟೆ ತಾನಾಗಿ ಬೆಳೆದ ಊರಲ್ಲ. ಒಬ್ಬ ಅರಸನು ಇಚ್ಛಿಸಿ ಕಟ್ಟಿದ ಊರು. ದೊಡ್ಡವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಮರಳಿದನು. 1790ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಕೈಜೋಡಿಸಿದನು. ಮರುವರ್ಷ ಮುಂಬಯಿ ಸೈನ್ಯದೊಡನೆ ಘಟ್ಟವೇರಿ ಬಂದ ಜನರಲ್ ಅಬರ್‌ಕ್ರಾಂಬಿಯನ್ನು ಇದೇ ಸೀಮೆಯಲ್ಲಿ ಕಂಡನು. ಆ ಭೇಟಿಯ ನೆನಪಿಗಾಗಿ 1792ರಲ್ಲಿ ಪೇಟೆಯನ್ನು ಕಟ್ಟಿಸಿ ತನ್ನ ಹೆಸರನ್ನೇ ಇಟ್ಟನು. ವೀರರಾಜೇಂದ್ರಪೇಟೆಯೆಂಬ ಆ ಉದ್ದನೆಯ ಹೆಸರು ಜನರ ನಾಲಗೆಯ ಮೇಲೆ ಸವೆದು ವಿರಾಜಪೇಟೆಯಾಯಿತು. ಅದೇ ಕಾಲಕ್ಕೆ ನಾಲ್ಕುನಾಡಿನ ಕಾಡಿನಲ್ಲಿ ತನಗೊಂದು ಅರಮನೆಯನ್ನೂ ಕಟ್ಟಿಕೊಂಡನು.

ಹೊಸ ಪೇಟೆಗೆ ಜನ ಬೇಕು. ನಮ್ಮ ಪೂರ್ವಿಕರು ಬಂದದ್ದು ಆ ಹೊತ್ತಿಗೆ.

ಅವರು ಬಂದ ಬಗೆಯನ್ನು ನೆನೆಯುವುದು ಸುಲಭವಲ್ಲ. 1784ರಲ್ಲಿ, ಪರಂಪರೆಯ ಮಾತಿನಂತೆ ವಿಭೂತಿ ಬುಧವಾರದಂದು, ಟಿಪ್ಪು ಸುಲ್ತಾನನ ಆಜ್ಞೆಯ ಮೇರೆಗೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಸಂಖ್ಯೆ 60 ಸಾವಿರವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದಕ್ಕಿಂತ ಕಡಿಮೆ ಹೇಳುವವರೂ ಹೆಚ್ಚು ಹೇಳುವವರೂ ಇದ್ದಾರೆ. ದಾರಿಯಲ್ಲಿ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಇಗರ್ಜಿಗಳು ನೆಲಸಮವಾದವು, ಭೂಮಿಕಾಣಿ ಕೈಬಿಟ್ಟವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು. ಆದರೆ ಅದಕ್ಕೂ ಮೊದಲೇ ಆ ಹಿಡಿತದಿಂದ ತಪ್ಪಿಸಿಕೊಂಡು ಕೊಡಗಿನ ಗಡಿಯೊಳಗೆ ಕಾಲಿಟ್ಟವರಿಗೆ ವೀರರಾಜೇಂದ್ರನು ಎಡೆಗೊಟ್ಟನು. ಅವರು ಬೇಸಾಯ ಬಲ್ಲವರೆಂದು ಕಂಡು ಭೂಮಿ ಕೊಟ್ಟನು, ತೆರಿಗೆಯಲ್ಲಿ ರಿಯಾಯಿತಿ ಕೊಟ್ಟನು, ದೇವಾಲಯ ಕಟ್ಟಿಕೊಳ್ಳಲು ನೆರವಾದನು. ಪೇಟೆಯೂ ದೇವಾಲಯವೂ 1792ರ ಕೂಸುಗಳೇ. ಶೈವಮತದ ಅರಸನೊಬ್ಬನು ಕಟ್ಟಿದ ಊರಿನಲ್ಲಿ ಕ್ರೈಸ್ತ ದೇವಾಲಯವು ಊರಿನಷ್ಟೇ ಹಳೆಯದಾಗಿ ನಿಂತಿರುವುದು ಸಾಮಾನ್ಯ ಸಂಗತಿಯೇನಲ್ಲ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಅರಸನದು ಬರಿಯ ಕರುಣೆಯಾಗಿತ್ತೆಂದು ನಾವು ಹೇಳಲಾರೆವು. ಯುದ್ಧದಿಂದ ಬರಿದಾದ ನಾಡಿಗೆ ದುಡಿಯುವ ಕೈಗಳು ಬೇಕಾಗಿದ್ದವು. 1809ರಲ್ಲಿ ತೀರಿಕೊಂಡ ಆ ಅರಸನು ತನ್ನ ಕೊನೆಯ ವರುಷಗಳಲ್ಲಿ ಮತಿಗೆಟ್ಟು ಎಷ್ಟೋ ನಿರಪರಾಧಿಗಳ ಪ್ರಾಣ ತೆಗೆಸಿದನೆಂಬುದೂ ಚರಿತ್ರೆಯೇ. ಆದರೂ ಬಾಗಿಲು ತೆರೆದವನ ಗುಣಪರೀಕ್ಷೆ ಮಾಡುವ ಅನುಕೂಲ ಹೊರಗೆ ಮಳೆಯಲ್ಲಿ ನಿಂತವನಿಗೆ ಇರುವುದಿಲ್ಲ.

ಇನ್ನೊಂದು ಸಂಗತಿ. ಸೆರೆಗೆ ಹೋದವರು ನಾವು ಮಾತ್ರವಲ್ಲ. ಟಿಪ್ಪುವಿನ ದಂಡು ಕೊಡಗಿಗೆ ನುಗ್ಗಿದಾಗ ಕೊಡವರನ್ನೂ ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಯುದ್ಧದ ಗೊಂದಲದಲ್ಲಿ ಅವರಲ್ಲಿ ಸಾವಿರಾರು ಮಂದಿ ಬಿಡಿಸಿಕೊಂಡು ತಮ್ಮ ನಾಡಿಗೆ ಮರಳಿದರು. ಆ ವರುಷಗಳಲ್ಲಿ ಇಲ್ಲಿ ನೆರೆಹೊರೆಯಾಗಿ ಕೂತವರು ಒಂದೇ ಸಂಕಟವನ್ನು ಉಂಡು ಬಂದವರು. ಈ ಸೆರೆಯ ಕಥೆಯನ್ನು ಇಂದಿನ ಮುಸಲ್ಮಾನ ನೆರೆಯವರ ಮೇಲಿನ ದ್ವೇಷಕ್ಕೆ ಉರುವಲು ಮಾಡುವವರನ್ನು ಈಚಿನ ವರುಷಗಳಲ್ಲಿ ನಾವು ಕಂಡಿದ್ದೇವೆ. ವಿರಾಜಪೇಟೆಯ ಬುಧವಾರದ ಸಂತೆಯಲ್ಲಿ ನಮ್ಮ ತಾಯಂದಿರಿಗೆ ಕಾಫಿ ಕುಯ್ಲಿನವರೆಗೆ ಕಡ ಕೊಟ್ಟು, ಚೀಟಿಯನ್ನೂ ಬರೆಸಿಕೊಳ್ಳದೆ ಅಕ್ಕಿ ಮೆಣಸು ಅಳೆದುಕೊಟ್ಟ ಅಂಗಡಿ ಮಾಪಿಳ್ಳೆ ಸಾಹುಕಾರರದು. ಇದನ್ನೂ ಆ ಕಥೆಯ ಜೊತೆಗೆ ನಮ್ಮ ಮಕ್ಕಳಿಗೆ ಹೇಳೋಣ.

ಹೊಸ ನಾಡಿನಲ್ಲಿ ಹಳೆಯ ಪದ್ಧತಿ ಹೊಂದಿಕೊಂಡ ಬಗೆಗೆ ಒಂದು ನಿದರ್ಶನ. ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನ್ಮೋತ್ಸವ, ನಮ್ಮ ತೆನೆಹಬ್ಬ. ಕರಾವಳಿಯಲ್ಲಿ ಅಷ್ಟರೊಳಗೆ ಗದ್ದೆ ತೆನೆಗಟ್ಟಿರುತ್ತದೆ. ಇಲ್ಲಿಯೋ ಜುಲೈ ತಿಂಗಳಲ್ಲಿ ನಾಟಿ. ಹಬ್ಬದ ದಿನ ಗದ್ದೆಯೆಲ್ಲ ಹಸುರು ಹುಲ್ಲು. ಹಬ್ಬವಿದೆ, ತೆನೆಯಿಲ್ಲ! ನಾವು ಚಿಕ್ಕವರಾಗಿದ್ದಾಗ ಹಿರಿಯರು ಘಟ್ಟದ ಕೆಳಗಿನ ಬಂಧುಗಳಿಗೆ ಹೇಳಿಕಳಿಸಿ ಬಸ್ಸಿನಲ್ಲಿ ತೆನೆಯ ಕಟ್ಟು ತರಿಸುತ್ತಿದ್ದರು. ಒಂದು ವರುಷ ಮಳೆಗೆ ದಾರಿ ಕಟ್ಟಿ ಬಸ್ಸು ಬರಲಿಲ್ಲ. ಸ್ವಾಮಿಯವರು ಹಸುರು ಪೈರನ್ನೇ ಆಶೀರ್ವದಿಸಿ, ಬೆಳೆದ ಮೇಲೆ ಇದೂ ತೆನೆಯೇ ಎಂದು ನಕ್ಕರು. ಆ ವರುಷದ ಪಾಯಸಕ್ಕೆ ಹಳೆಯ ಅಕ್ಕಿಯೇ ಗತಿಯಾಯಿತು. ಡಿಸೆಂಬರಿನ ಮೊದಲ ವಾರದಲ್ಲಿ ಪುತ್ತರಿ ಬಂತು. ರಾತ್ರಿ ಗದ್ದೆಯ ಕಡೆಯಿಂದ ಪೊಲಿ ಪೊಲಿ ಎಂಬ ಕೂಗೂ ಕೋವಿಯ ಸದ್ದೂ ಕೇಳಿಸಿತು. ಮರುದಿನ ಮುಂಜಾನೆ ಪಕ್ಕದ ಕೊಡವ ಮನೆಯ ಅಜ್ಜ ಕದಿರು ಹಿಡಿದು ನಮ್ಮ ಅಂಗಳಕ್ಕೆ ಬಂದು, "ನಿಮ್ಮ ಅಮ್ಮನ ಹಬ್ಬಕ್ಕೆ ತೆನೆ ಇರಲಿಲ್ಲವಂತೆ, ತಗೊಳ್ಳಿ" ಎಂದರು. ನಮ್ಮ ತಾಯಿ ಅದನ್ನು ಮರಿಯಮ್ಮನವರ ಪಟಕ್ಕೆ ಕಟ್ಟಿದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಪಟಕ್ಕೆ ವರುಷಕ್ಕೆರಡು ಬಾರಿ ತೆನೆ.

ಇಷ್ಟು ಹೇಳಿ ನಿಲ್ಲಿಸಿದರೆ ಸಭೆಗೆ ಸಂತೋಷವಾದೀತು. ಆದರೆ ಚರಿತ್ರೆಯೆಂದರೆ ನಮಗೆ ಇತರರು ಮಾಡಿದ ಉಪಕಾರದ ಪಟ್ಟಿಯಷ್ಟೇ ಅಲ್ಲ. ನಾವು ಇತರರಿಗೆ ಮಾಡಿದ್ದೇನೆಂಬ ಲೆಕ್ಕವೂ ಅದರಲ್ಲಿ ಸೇರಿದೆ.

1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬಾತನು ಐರೋಪ್ಯರ ಮೊದಲ ಕಾಫಿ ತೋಟವನ್ನು ತೆರೆದನು. 1856ರಲ್ಲಿ ನಮ್ಮ ಪೆರುಂಬಾಡಿ ಘಟ್ಟದಲ್ಲಿ ತೋಟಗಳೆದ್ದವು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕುಯ್ಯಲು ಜನ ಬೇಕಾಯಿತು. ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಮಲೆಯಾಳದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ಬಂದವರಲ್ಲಿ ಕ್ರೈಸ್ತರೂ ಇದ್ದರು. ಅವರೂ ಹಸಿವಿನಿಂದ ಓಡಿಬಂದವರೇ, ನಮ್ಮ ಹಿರಿಯರು ಭಯದಿಂದ ಓಡಿಬಂದಂತೆ. ಅವರಿಗೆ ದೊರೆತದ್ದು ಭೂಮಿಯಲ್ಲ, ಹತ್ತು ಅಡಿಯ ಲೈನು ಮನೆ.

ನಮ್ಮ ಈ ದೇವಾಲಯದಲ್ಲಿ ಅವರಿಗೆ ದೊರೆತದ್ದೇನು? ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಮುಂದಿನ ಬೆಂಚುಗಳು ತೋಟವುಳ್ಳ ಮನೆತನಗಳಿಗೆ. ನಡುವೆ ರೈಟರು, ಅಂಗಡಿಯವರು. ಲೈನಿನವರು ಹಿಂದೆ, ಚಾಪೆಯ ಮೇಲೆ. ಬರೆದಿಟ್ಟ ಕಟ್ಟಳೆಯೇನೂ ಇರಲಿಲ್ಲ. ಕಟ್ಟಳೆಯಿಲ್ಲದೆಯೇ ಎಲ್ಲರಿಗೂ ತಮ್ಮ ತಮ್ಮ ಜಾಗ ತಿಳಿದಿತ್ತು. ಕೊರಳಲ್ಲಿ ಜಪಸರವಿದ್ದ ಒಬ್ಬ ಮುದುಕಿ ಮಂಡಿನೋವಿನಿಂದ ಒಮ್ಮೆ ಖಾಲಿ ಬೆಂಚಿನ ತುದಿಯಲ್ಲಿ ಕೂತಾಗ, ಎಬ್ಬಿಸಿದವರು ನಮ್ಮ ಬಂಧುಗಳೇ. ಆಕೆ ತಮಿಳಿನಲ್ಲಿ ಏನನ್ನೋ ಹೇಳುತ್ತ ಹಿಂದಕ್ಕೆ ಹೋದಳು. ಆಕೆಯ ಹೆಸರನ್ನು ನಾವು ಕೇಳಿಕೊಳ್ಳಲಿಲ್ಲ.

ಭಾಷೆಯ ಜಗಳವೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಮಿಷನ್ನಿನ ಫ್ರೆಂಚ್ ಗುರುಗಳು ಈ ನಾಡಿನ ನುಡಿಯನ್ನು ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಮೇತ್ರಾಣಿ ಶಾರ್ಬೊನೊ ಅವರ ಕನ್ನಡ–ಲ್ಯಾಟಿನ್ ನಿಘಂಟು 1855ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಅಚ್ಚಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಗೆ ಜನರ ನುಡಿಗಳನ್ನು ಒಪ್ಪಿದ ಮೇಲೆ ನಮ್ಮಲ್ಲಿ ಎದ್ದ ಪ್ರಶ್ನೆ, ಯಾವ ಜನರ ನುಡಿ ಎಂಬುದು. ಮನೆಯಲ್ಲಿ ಕೊಂಕಣಿ, ಲೈನಿನಲ್ಲಿ ತಮಿಳು ಮಲೆಯಾಳ, ಶಾಲೆಯಲ್ಲಿ ಕನ್ನಡ. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗುತ್ತಿರಲಿಲ್ಲವಾಗಿ ಜಗಳವೂ ಇರಲಿಲ್ಲ! ಕನ್ನಡವೆಂದು ತೀರ್ಮಾನವಾದದ್ದು ನಮ್ಮ ಮಟ್ಟಿಗೆ ಸರಿಯಾದುದೇ. ಎಲ್ಲರೂ ಸಂತೆಯಲ್ಲಿ, ಕಚೇರಿಯಲ್ಲಿ ಆಡುವ ನುಡಿ ಅದು, ಯಾರೊಬ್ಬರ ಮನೆಯ ಸ್ವತ್ತೂ ಅಲ್ಲ. ಆದರೆ ಸಾವಿನ ಮನೆಯಲ್ಲಿ ಜಪಸರವನ್ನು ಆ ಮನೆಯವರ ನುಡಿಯಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಅದನ್ನೂ ನಾವು ಹಲವು ವರುಷ ತಡೆದೆವು.

2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಇಲ್ಲಿರುವವರು ಯಾರೂ ಮರೆತಿರಲಾರಿರಿ. ಎರಡನೆಯ ವರುಷ ನಮ್ಮದೇ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಮನೆಗಳೂ ಜೀವಗಳೂ ಮಣ್ಣಿನಡಿಯಾದವು. ಆಗ ನಮ್ಮ ಸಭಾಭವನದಲ್ಲಿ ಗಂಜಿ ಬೇಯಿಸಿದ ರಾತ್ರಿಗಳಲ್ಲಿ ಯಾರ ಬೆಂಚು, ಯಾರ ಚಾಪೆ ಎಂದು ಒಬ್ಬರೂ ಕೇಳಲಿಲ್ಲ. ತೋಟದ ಯಜಮಾನರು ಸೌದೆ ಒಡೆದರು. ಲೈನಿನ ಹೆಂಗಸರು ಹಂಡೆ ಇಳಿಸಿ ಎಲ್ಲರಿಗೂ ಬಡಿಸಿದರು. ಮಳೆ ನಿಂತ ಮೇಲೆ ಮೊದಲ ಭಾನುವಾರ ಎಲ್ಲರೂ ತಮ್ಮ ತಮ್ಮ ಹಳೆಯ ಜಾಗಕ್ಕೇ ಹೋಗಿ ಕೂತೆವು.

ಈಗ ಕುಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಕೆಲಸಗಾರರು ಬರುತ್ತಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರದ ಪೂಜೆಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಪ್ರಸಾದ ಸ್ವೀಕರಿಸಲು ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಅವರನ್ನು ಹಿಂದೆ ನಿಲ್ಲಿಸಿದವರು ಯಾರೂ ಇಲ್ಲ, ಮುಂದೆ ಕರೆದವರೂ ಇಲ್ಲ.

ಈ ಭಾಷಣಕ್ಕೆಂದು ಸ್ಮರಣ ಸಂಚಿಕೆಯ ಕರಡನ್ನು ಸಮಿತಿಯವರು ನಮಗೆ ತೋರಿಸಿದರು. ಕೊನೆಯಲ್ಲಿ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯಿದೆ, ಅಂದವಾಗಿ ಸಿದ್ಧವಾಗಿದೆ. ವಾರ್ಷಿಕ ವಂತಿಗೆ ಕೊಟ್ಟವರ ಪುಸ್ತಕದಿಂದ ಅದನ್ನು ತೆಗೆದರಂತೆ. ತಪ್ಪು ಹುಡುಕುವುದಕ್ಕಿಲ್ಲ, ಎಲ್ಲ ಕಡೆಯಲ್ಲಿಯೂ ಹಾಗೆಯೇ ಮಾಡುತ್ತಾರೆ. ಆದರೆ ವಂತಿಗೆ ಕೊಡಲಾರದ ಲೈನು ಮನೆಗಳ ಹೆಸರು ಅದರಲ್ಲಿ ಒಂದೂ ಇಲ್ಲ. ಮೂರು ತಲೆಮಾರಿನಿಂದ ಇಲ್ಲಿಯೇ ಜ್ಞಾನಸ್ನಾನ ಪಡೆದು ಇಲ್ಲಿಯ ಮಣ್ಣಿನಲ್ಲಿಯೇ ಮಲಗಿದವರ ಮನೆಗಳವು. ಜ್ಞಾನಸ್ನಾನದ ದಫ್ತರದಲ್ಲಿ ಅವರ ಹೆಸರಿದೆ, ನಾವು ನೋಡಿದ್ದೇವೆ. ಅಚ್ಚಿಗೆ ಹೋಗಲು ಇನ್ನೂ ಹದಿನೈದು ದಿನವಿದೆಯೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ದಫ್ತರವನ್ನು ಸ್ವಾಮಿಯವರು ಕೊಡಲು ಒಪ್ಪಿದ್ದಾರೆ. ಬರೆದುಕೊಳ್ಳಲು ಯುವಕ ಯುವತಿಯರು ನಾಲ್ವರು ಬೇಕು. ಸಭೆ ಮುಗಿದ ಮೇಲೆ ಪೂಜಾಸಾಮಗ್ರಿಯ ಕೋಣೆಯ ಹತ್ತಿರ ನಾವು ಕಾದಿರುತ್ತೇವೆ.