ಕಲ್ಪನೆಯ ತಂಡ, ಲೆಕ್ಕದ ಆಟ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಾವಳಿಯನ್ನು ಆಧರಿಸಿದ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ, ಅಂದರೆ ನಿಜವಾದ ಆಟಗಾರರನ್ನು ಕಲ್ಪನೆಯ ತಂಡವೊಂದಕ್ಕೆ ಆರಿಸಿಕೊಂಡು ಅಂಗಳದಲ್ಲಿ ಅವರು ತೋರುವ ಸಾಧನೆಗೆ ಅಂಕ ಗಳಿಸುವ ಆಟದಲ್ಲಿ, ಹೊಸಬರಿಗೆ ಮೊದಲು ಎದುರಾಗುವುದು ಹಣದ ಮಿತಿ. 10 ಕೋಟಿ ಪೌಂಡುಗಳ ಕಾಲ್ಪನಿಕ ಮೊತ್ತದಲ್ಲಿ 15 ಮಂದಿಯನ್ನು ಕೂಡಿಸಬೇಕಾಗಿದ್ದು, ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿಲ್ಲವಾದ್ದರಿಂದ, ಹೆಸರಾಂತರನ್ನೆಲ್ಲ ಬಾಚಿಕೊಳ್ಳುವ ಆಸೆ ಅಲ್ಲಿಗೇ ಕಮರುತ್ತದೆ.

ಅಂಕಗಳ ಲೆಕ್ಕ ಇನ್ನೂ ಸ್ವಾರಸ್ಯಕರವಾದುದು. ಮುಂಚೂಣಿ ಆಟಗಾರನ ಗೋಲಿಗೆ 4 ಅಂಕವಾದರೆ ರಕ್ಷಣಾ ಆಟಗಾರನ ಗೋಲಿಗೆ 6 ಅಂಕ ದೊರೆಯುತ್ತದೆ. ಅಲ್ಲದೆ ರಕ್ಷಣಾ ಆಟಗಾರನು ಕನಿಷ್ಠ 60 ನಿಮಿಷ ಆಡಿ, ಅವನು ಅಂಗಳದಲ್ಲಿರುವಷ್ಟು ಹೊತ್ತು ತಂಡವು ಗೋಲು ಬಿಟ್ಟುಕೊಡದಿದ್ದರೆ, ‘ಕ್ಲೀನ್ ಶೀಟ್’ ಎಂಬ ಹೆಸರಿನಲ್ಲಿ ಮತ್ತೆ 4 ಅಂಕ ಸಲ್ಲುತ್ತದೆ. 58ನೆಯ ನಿಮಿಷದಲ್ಲಿ ತರಬೇತುದಾರ ಅವನನ್ನು ಹೊರಗೆ ಕರೆದನೆಂದರೆ, ಎದುರಾಳಿ ಕೊನೆಯವರೆಗೂ ಗೋಲು ಹೊಡೆಯದಿದ್ದರೂ ಆ ನಾಲ್ಕೂ ಕೈತಪ್ಪುತ್ತವೆ. ಆದುದರಿಂದ ಕೀರ್ತಿಗಿಂತ, ಪ್ರತಿವಾರ ತಪ್ಪದೆ ಪೂರ್ತಿ ಆಡುವ ಕಡಿಮೆ ಬೆಲೆಯವನೇ ಹಲವು ಸಲ ಲಾಭದಾಯಕನಾಗುತ್ತಾನೆ.

ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿಯಾಗುತ್ತದೆ ಎಂಬುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ತಡವಾಗಿ ತಿಳಿಯುವುದು ಬದಲಾವಣೆಯ ಬೆಲೆ: ಉಚಿತ ಬದಲಾವಣೆಗಳು ಮುಗಿದ ಮೇಲೆ ತರುವ ಪ್ರತಿ ಹೊಸ ಆಟಗಾರನಿಗೆ 4 ಅಂಕ ಕಡಿತವಾಗುವುದರಿಂದ, ಕಳೆದ ವಾರ ಗೋಲು ಹೊಡೆದವನ ಬೆನ್ನು ಹತ್ತಿ ಹೋಗುವವನು, ಮುಂದಿನ ವಾರ ಅವನೊಂದು ಗೋಲು ಹೊಡೆದರೂ, ಆ ಗೋಲಿನ ಅಂಕವನ್ನು ಬಹುಪಾಲು ಮೊದಲೇ ತೆತ್ತಿರುತ್ತಾನೆ.