ಮನೆಮಾತಿನ ವ್ಯಾಕರಣ

ಇಂದು ರಾತ್ರಿ ಒಂದು ಲೆಕ್ಕ ಹಾಕಿ ನೋಡಿ. ಬೆಳಗಿನಿಂದ ನಿಮ್ಮ ಮಗನೊಡನೆಯೋ ಮಗಳೊಡನೆಯೋ ಆಡಿದ ಮಾತುಗಳಲ್ಲಿ ವಿಧ್ಯರ್ಥದ ಕ್ರಿಯಾಪದಗಳೆಷ್ಟು? ಏಳು, ಸ್ನಾನ ಮಾಡು, ತಿನ್ನು, ಓದು, ಫೋನು ಕೆಳಗಿಡು, ಮಲಗು. ವ್ಯಾಕರಣ ಪಾಠ ಹೇಳುವವನಿಗೆ ಇಂಥ ಚಾಳಿ ಅಂಟಿರುತ್ತದೆ, ಮನ್ನಿಸಬೇಕು. ಆದರೆ ಮೂರು ವರ್ಷದ ಕೂಸಿಗೆ ಸಲ್ಲುವ ಈ ಮಾತು ಹದಿನೈದರ ಹುಡುಗನಿಗೂ ಹಾಗೆಯೇ ಸಂದೀತೆ?

ಚಿಕ್ಕಂದಿನಲ್ಲಿ ಮಗು ‘ಯಾಕೆ, ಯಾಕೆ’ ಎಂದು ಪ್ರಾಣ ಹಿಂಡುತ್ತದೆ. ಆಗ ‘ಸುಮ್ಮನಿರು’ ಎಂದವರೇ ಹತ್ತು ವರ್ಷ ಕಳೆದ ಮೇಲೆ ‘ಇವನು ಬಾಯಿಯೇ ಬಿಡುವುದಿಲ್ಲ’ ಎಂದು ಶಾಲೆಗೆ ಬಂದು ದೂರುತ್ತಾರೆ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಹಳೆಯ ಸುಭಾಷಿತವನ್ನು ನಾನೂ ಅವರಿಗೆ ಹೇಳಿ ಕಳುಹಿಸುತ್ತಿದ್ದೆ. ಮಿತ್ರತ್ವವೇನು ಹದಿನಾರನೆಯ ಹುಟ್ಟುಹಬ್ಬದ ದಿನ ಅಂಚೆಯಲ್ಲಿ ಬರುವುದೆ?

ಈ ಪ್ರಶ್ನೆ ನನಗೆ ಹೊಳೆದುದು 2024ರಲ್ಲಿ. ಆ ವರ್ಷ ನನ್ನ ಮಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಿದ್ದ. ಗಣಿತದ ದಿನ ಅವನು ಚಪ್ಪಲಿ ಬಿಡುವ ಮೊದಲೇ ‘ಎಷ್ಟು ಬರುತ್ತೋ?’ ಎಂದೆ. ‘ಪರವಾಗಿಲ್ಲ’ ಎಂದ. ಮೇ ತಿಂಗಳಲ್ಲಿ ಫಲಿತಾಂಶ ಬಂತು, ಗಣಿತ ಹೋಗಿತ್ತು. ಹೋಗುವುದೆಂದು ಅವನಿಗೆ ಅಂದೇ ಗೊತ್ತಿತ್ತು, ಅವನ ಅಜ್ಜಿಗೂ ಗೊತ್ತಿತ್ತು. ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ‘ನೀವು ಎಷ್ಟು ಬರುತ್ತೆ ಅಂದಿರಿ ಅಪ್ಪ. ಅಜ್ಜಿ, ಹೇಗಿತ್ತು ಮಗಾ ಅಂದರು.’ ಒಂದು ತಿಂಗಳಿಗೂ ಹೆಚ್ಚು ಕಾಲ ಆ ಹುಡುಗ ಅದನ್ನು ಎದೆಯಲ್ಲಿಟ್ಟುಕೊಂಡು ನನ್ನೆದುರೇ ಊಟ ಮಾಡಿದ್ದ.

ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಆ ವರ್ಷವೇ ಬಂದಿತ್ತು. ಜೂನಿನಲ್ಲಿ ಎರಡನೆಯದು. ಏಪ್ರಿಲಿನಲ್ಲೇ ಹೇಳಿದ್ದರೆ ಓದಲು ಎರಡು ತಿಂಗಳು ಸಿಗುತ್ತಿತ್ತು. ಹೇಳಲಾಗದಂತೆ ಮಾಡಿದವನು ನಾನು.

ಎದುರಿಗೆ ಕೂರಿಸಿಕೊಂಡು ವಿಚಾರಿಸಿದೆ, ಮಾತು ಹೊರಡಲಿಲ್ಲ. ಹೊರಟದ್ದು ಹಲಸಿನ ಹಣ್ಣು ಬಿಡಿಸುವಾಗ. ಇಬ್ಬರ ಕೈಗೂ ಎಣ್ಣೆ, ಮೇಣ; ಪುಸ್ತಕ ಮುಟ್ಟುವಂತಿಲ್ಲ, ಫೋನು ಮುಟ್ಟುವಂತಿಲ್ಲ, ಕಣ್ಣು ಹಣ್ಣಿನ ಮೇಲೆ. ‘ತ್ರಿಕೋನಮಿತಿ ಶುರುವಾದ ವಾರ ಜ್ವರ ಬಂದು ಮಲಗಿದ್ದೆನಲ್ಲ, ಆಮೇಲೆ ಮೇಷ್ಟ್ರನ್ನ ಕೇಳೋಕೆ ನಾಚಿಕೆ ಆಯ್ತು’ ಎಂದು ಅವನಾಗಿಯೇ ಹೇಳಿದ. ಆ ಜ್ವರಕ್ಕೆ ಔಷಧ ತಂದವನು ನಾನೇ. ತಪ್ಪಿಹೋದ ಪಾಠದ ವಿಷಯ ಕೇಳಿರಲಿಲ್ಲ. ಉಪದೇಶವೊಂದು ನಾಲಗೆಯ ತುದಿಗೆ ಬಂತು. ಒಂದು ತೊಳೆ ಬಾಯಿಗೆ ಹಾಕಿಕೊಂಡೆ.

ಗದರಬಾರದೆಂದು ನಾನು ಹೇಳುತ್ತಿಲ್ಲ. ಸುಳ್ಳಿಗೆ ಗದರಿ; ಆದರೆ ನಿಜ ಹೇಳಿದವನಿಗೂ ಅದೇ ಗದರಿಕೆ ಸಿಕ್ಕರೆ ಅವನು ಮುಂದಿನ ಸಲ ಯಾವುದನ್ನು ಆರಿಸಿಯಾನು?

ಜೂನಿನ ಪರೀಕ್ಷೆಯ ದಿನ ಬಾಗಿಲಲ್ಲಿ ಕಾದಿದ್ದೆ. ಏನೂ ಕೇಳಲಿಲ್ಲ, ಕಷ್ಟವಾಯಿತು. ಅವನು ಒಳಗೆ ಹೋಗಿ ನೀರು ಕುಡಿದು, ಚೊಂಬು ಕೆಳಗಿಟ್ಟು, ‘ಅಪ್ಪ, ಒಂದು ಲೆಕ್ಕ ಬಿಟ್ಟೆ’ ಎನ್ನುತ್ತ ಪ್ರಶ್ನೆಪತ್ರಿಕೆ ಬಿಚ್ಚಿ ನನ್ನ ಪಕ್ಕದಲ್ಲಿ ಕುಳಿತ.