ಗಲ್ಫ್‌ನ ಗೋಡೆಗಳ ನಡುವೆ ನಮ್ಮ ಮಕ್ಕಳು

(ಅಮರಗೋಳದಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದೇಶದಲ್ಲಿ ಸಂಸಾರ ಹೂಡುವ ಬಗ್ಗೆ ನಾಲ್ಕು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾವು ತುಸು ಹಿಂಜರಿದೆವು. ಈ ವಿಷಯದಲ್ಲಿ ಉಪದೇಶ ಮಾಡುವ ಅರ್ಹತೆ ನಮಗಿಲ್ಲ. ಶಾರ್ಜಾದಲ್ಲಿ ಹೆಂಡತಿ ಮಕ್ಕಳೊಂದಿಗೆ ನಾಲ್ಕು ವರ್ಷ ಬದುಕಿ, ಅದರಲ್ಲಿ ಒಂದೂವರೆ ವರ್ಷ ಮನೆಯೊಳಗೆ ಏನಾಗುತ್ತಿದೆಯೆಂಬುದೇ ತಿಳಿಯದೆ ಕಳೆದವರು ನಾವು. ಆದರೂ ಬಂದಿದ್ದೇವೆ. ಏಕೆಂದರೆ ಈ ಸಭೆಯಲ್ಲಿಯೇ ಮುಂದಿನ ತಿಂಗಳು ಹೊರಡಲು ಸಿದ್ಧರಾಗಿರುವ ಎರಡು ಕುಟುಂಬಗಳಿವೆಯೆಂದು ತಿಳಿದುಬಂತು.

ಭಟ್ಕಳದವರಿಗೂ ಮಂಗಳೂರಿನವರಿಗೂ ಗಲ್ಫ್ ಹೊಸದಲ್ಲ. 1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಅಲ್ಲಿ ಕೆಲಸ ಹೆಚ್ಚಿತು, ಕರಾವಳಿಯ ಜನ ತಂಡತಂಡವಾಗಿ ಹೋದರು. ಅವರಲ್ಲಿ ಅಜ್ಜ ಹೋಗಿದ್ದಾನೆ, ಮಗ ಹೋಗಿದ್ದಾನೆ, ಈಗ ಮೊಮ್ಮಗ ಅಲ್ಲಿದ್ದಾನೆ. ದುಬೈಯಲ್ಲಿ ಅವರದೇ ಜಮಾಅತ್‌ಗಳಿವೆ. ಬಾಣಂತಿಗೆ ಗಂಜಿ ಕೊಡುವ ನೆರೆಯಾಕೆ ಅದೇ ಊರಿನವಳಾಗಿರುತ್ತಾಳೆ. ನಮ್ಮ ಬಯಲುಸೀಮೆಯವರ ಸ್ಥಿತಿ ಹಾಗಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಮಕ್ಕಳನ್ನು ಓದಿಸಿದ ಹಮಾಲರ ಮಕ್ಕಳು ಇಂದು ಎಲೆಕ್ಟ್ರಿಷಿಯನ್ನರಾಗಿ, ಲೆಕ್ಕಿಗರಾಗಿ ಹೊರಡುತ್ತಿದ್ದಾರೆ. ಅವರು ಒಬ್ಬೊಬ್ಬರಾಗಿಯೇ ಹೋಗುತ್ತಾರೆ. ಆ ಕಟ್ಟಡದಲ್ಲಿ ಅವರ ಭಾಷೆಯವರು ಇದ್ದರೆ ಅದು ಅದೃಷ್ಟ.

ನಮ್ಮ ಕೆಲಸವೇನಿತ್ತೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ಮದ್ರಸದಲ್ಲಿ ಕಲಿತ ಅರಬಿ, ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎ. ಪದವಿ, ಇವೆರಡನ್ನು ಹಿಡಿದು 2014ರಲ್ಲಿ ಶಾರ್ಜಾದ ಒಂದು ಟೈಪಿಂಗ್ ಸೆಂಟರಿಗೆ ಸೇರಿದೆವು. ವೀಸಾ, ಬಾಡಿಗೆ ಕರಾರು, ಜನನ ಪತ್ರ ಇತ್ಯಾದಿಗಳ ಅರ್ಜಿಗಳನ್ನು ಅರಬಿಯಲ್ಲಿ ತುಂಬಿಕೊಡುವ ಅಂಗಡಿ ಅದು. ಹೆಂಡತಿಯನ್ನು ಕರೆಸಿಕೊಳ್ಳಲು ತಿಂಗಳಿಗೆ 4000 ದಿರ್‌ಹಮ್ ವೇತನ, ಇಲ್ಲವೇ 3000 ದಿರ್‌ಹಮ್ ಮತ್ತು ವಸತಿ ಇರಬೇಕೆಂಬುದು ಅಲ್ಲಿಯ ನಿಯಮವಾಗಿತ್ತು. ಜೊತೆಗೆ ಹುದ್ದೆಯ ಹೆಸರನ್ನೂ ನೋಡುತ್ತಿದ್ದರು. ಹುದ್ದೆಯ ನಿರ್ಬಂಧ ತೆಗೆದದ್ದು 2019ರಲ್ಲಿ. ಅದಕ್ಕೂ ಮೊದಲು ಸಾಕಷ್ಟು ಸಂಬಳವಿದ್ದರೂ ವೀಸಾದಲ್ಲಿ ಬರೆದ ಹುದ್ದೆಯ ದೆಸೆಯಿಂದ ಅರ್ಜಿ ತಿರಸ್ಕೃತವಾಗಿ, ಮಗುವಿನ ಭಾವಚಿತ್ರವನ್ನು ಮತ್ತೆ ಕಿಸೆಗೆ ಇಟ್ಟುಕೊಂಡು ಹೋದವರನ್ನು ನಾವು ಕಂಡಿದ್ದೇವೆ. ಆದ್ದರಿಂದ 2015ರಲ್ಲಿ ನಮ್ಮ ಮನೆಯವರು ನಾಲ್ಕು ವರ್ಷದ ಮಗಳೊಂದಿಗೆ ಬಂದಿಳಿದಾಗ ನಮಗೆ ನಾವೇ ಭಾಗ್ಯವಂತರೆನಿಸಿದ್ದೆವು.

ಮನೆಯೆಂದರೆ ಒಂಬತ್ತನೆಯ ಅಂತಸ್ತಿನಲ್ಲಿ ಎರಡು ಕೋಣೆಯ ಫ್ಲಾಟು. ಅದರಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಕೇರಳದ ಕುಟುಂಬದ್ದು. ಅಡುಗೆಮನೆ ಇಬ್ಬರಿಗೂ ಒಂದೇ. ಬೆಳಿಗ್ಗೆ ಏಳಕ್ಕೆ ಹೊರಟರೆ ನಾವು ಮರಳುತ್ತಿದ್ದುದು ರಾತ್ರಿ ಒಂಬತ್ತೂವರೆಗೆ. ಶುಕ್ರವಾರ ಮಾತ್ರ ರಜೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು 45 ಡಿಗ್ರಿಯ ಸುತ್ತ ಇರುತ್ತದೆ. ಮಗುವನ್ನು ಹಗಲು ಹೊರಗೆ ಕರೆದೊಯ್ಯುವಂತಿಲ್ಲ. ಇಶಾ ನಮಾಝಿನ ಬಳಿಕ ಉದ್ಯಾನಗಳಿಗೆ ಮಕ್ಕಳು ಬರುತ್ತಾರೆ, ರಾತ್ರಿ ಹತ್ತು ಗಂಟೆಗೆ ಜಾರುಬಂಡಿಯ ಮುಂದೆ ಸಾಲು ನಿಂತಿರುತ್ತದೆ. ಹಗಲೆಲ್ಲಾ ಎಸಿಯ ಸದ್ದು, ದೂರದರ್ಶನದ ಕಾರ್ಟೂನು. ಕಿಟಕಿ ತೆರೆದರೆ ಭಯ. ಶಾರ್ಜಾದ ಬಹುಮಹಡಿ ಕಟ್ಟಡಗಳಿಂದ ಪುಟ್ಟ ಮಕ್ಕಳು ಬಿದ್ದು ಮೃತಪಟ್ಟ ಸುದ್ದಿಗಳು ಆ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ನಮ್ಮ ಮನೆಯವರು ಕಿಟಕಿಯ ಹಿಡಿಗೆ ದುಪಟ್ಟಾದಿಂದ ಮೂರು ಗಂಟು ಹಾಕಿದ್ದರು. ಆ ಗಂಟನ್ನು ನೋಡಿ ನಾವು ನಕ್ಕಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

2016ರಲ್ಲಿ ಮಗ ಹುಟ್ಟಿದ. ಇಲ್ಲಿ ಬಾಣಂತನವೆಂದರೆ ಏನೆಂದು ಈ ಸಭೆಗೆ ವಿವರಿಸಬೇಕಿಲ್ಲ. ನಲವತ್ತು ದಿನ ತಾಯಿ ಒಲೆಯ ಬಳಿ ಹೋಗುವುದಿಲ್ಲ, ಮಗುವನ್ನು ಎರೆಯುವವರು ಬೇರೆ, ರಾತ್ರಿ ಎತ್ತಿಕೊಳ್ಳುವವರು ಬೇರೆ. ಅಲ್ಲಿ ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನವೇ ಅವರು ಮಗಳ ಶಾಲೆಯ ಡಬ್ಬಿ ಕಟ್ಟಿದರು. ಅತ್ತೆಯವರನ್ನು ಕರೆಸಲು ಸಂದರ್ಶಕರ ವೀಸಾ, ಟಿಕೇಟು, ಇಷ್ಟಕ್ಕೆಲ್ಲ ನಮ್ಮಲ್ಲಿ ಹಣವಿರಲಿಲ್ಲ. ನಿಜ ಹೇಳಬೇಕೆಂದರೆ ಹಣವಿತ್ತು, ಅದನ್ನು ಅಮರಗೋಳದ ಮನೆಯ ಮೇಲಿನ ಕೋಣೆಗೆಂದು ತೆಗೆದಿಟ್ಟಿದ್ದೆವು. ಅತ್ತೆಯವರು ಊರಿನಿಂದ ಹೊರಟ ಒಬ್ಬ ಹುಡುಗನ ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿ ಕಳುಹಿಸಿದರು. ಬಾಣಂತನ ಮುಗಿಯಿತೆಂದು ನಾವು ಭಾವಿಸಿದೆವು.

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಒಂದು ರಾತ್ರಿ ಮನೆಗೆ ಬಂದರೆ ನಮ್ಮ ಕೋಣೆಯಲ್ಲಿ ದೀಪವಿರಲಿಲ್ಲ. ಐದು ವರ್ಷದ ಮಗಳು ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲೆಯಲ್ಲಿ ಕುಳಿತಿದ್ದಳು. "ಅಮ್ಮಿ ಒಳಗಿದ್ದಾರೆ, ನೀರು ಬಿಟ್ಟುಕೊಂಡಿದ್ದಾರೆ" ಎಂದಳು. ಸ್ನಾನದ ಮನೆಯ ನಲ್ಲಿ ತೆರೆದಿತ್ತು. ಅಳುವಿನ ಸದ್ದು ಮಕ್ಕಳಿಗೆ ಕೇಳಬಾರದೆಂದು ಆಕೆ ದಿನವೂ ಹಾಗೆ ಮಾಡುತ್ತಿದ್ದರಂತೆ. ಇದು ಪಕ್ಕದ ಕೋಣೆಯ ಕೇರಳದ ಸಹೋದರಿಗೆ ಗೊತ್ತಿತ್ತು, ಐದು ವರ್ಷದ ಮಗುವಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಸಹೋದರರೇ, ಆ ವಾರ ನಾವು ಏನು ಬರೆಯುತ್ತಿದ್ದೆವು ಗೊತ್ತೇ? ಇಸ್ಲಾಮಿನಲ್ಲಿ ತಾಯಿಯ ಸ್ಥಾನಮಾನದ ಕುರಿತು ಒಂದು ಲೇಖನ!

ವೈದ್ಯೆಯ ಬಳಿಗೆ ನಮ್ಮನ್ನು ದೂಡಿದವರೂ ಆ ಸಹೋದರಿಯೇ. ಹೆರಿಗೆಯ ನಂತರ ಕೆಲವು ತಾಯಂದಿರನ್ನು ಕಾಡುವ ಖಿನ್ನತೆ ಇದು, ರಕ್ತಹೀನತೆಯಂತೆ ಇದೂ ಒಂದು ಕಾಯಿಲೆ, ಚಿಕಿತ್ಸೆಯಿದೆ ಎಂದು ವೈದ್ಯೆ ಹೇಳಿದರು. ಬಳಿಕ ನಮ್ಮತ್ತ ತಿರುಗಿ, ದಿನಕ್ಕೆ ಎಷ್ಟು ಹೊತ್ತು ಮಗುವನ್ನು ನೀವು ಎತ್ತಿಕೊಳ್ಳುತ್ತೀರಿ ಎಂದು ಕೇಳಿದರು. ನಾವು ಉತ್ತರಿಸಲಿಲ್ಲ. ಊರಿಗೆ ಸುದ್ದಿ ತಲುಪಿದಾಗ ಬಂದ ಸಲಹೆಗಳೇನು? ನಝರ್ ತಗುಲಿದೆ ಎಂದರು, ತಾವೀಝ್ ಕಳುಹಿಸುತ್ತೇವೆ ಎಂದರು. ಎಸಿಯ ಕೆಳಗೆ ಕುಳಿತು ಉಣ್ಣುವವಳಿಗೆ ಏನು ಕಷ್ಟ ಎಂದವರೂ ಇದ್ದಾರೆ. ದುಬೈಗೆ ಹೋದ ಸೊಸೆ ರಾಣಿಯಂತಿರುತ್ತಾಳೆಂಬುದು ನಮ್ಮ ಸಮುದಾಯದಲ್ಲಿ ಬೇರೂರಿರುವ ನಂಬಿಕೆ. ದಿನಕ್ಕೆ ಹದಿನಾಲ್ಕು ಗಂಟೆ ಇನ್ನೊಬ್ಬ ವಯಸ್ಕರ ಮುಖ ಕಾಣದೆ ಎರಡು ಮಕ್ಕಳೊಂದಿಗೆ ಒಂದು ಕೋಣೆಯಲ್ಲಿರುವ ರಾಣಿ!

ಸಂಜೆ ಮಗ್ರಿಬ್ ವೇಳೆಗೆ ಬಿಡುವಂತೆ ಮಾಲೀಕರನ್ನು ಕೇಳಿದೆವು. ಒಪ್ಪಲಿಲ್ಲ. ತಿಂಗಳಿಗೆ 600 ದಿರ್‌ಹಮ್ ಕಡಿಮೆಯಾದರೂ ಸಂಜೆ ಆರಕ್ಕೆ ಬಾಗಿಲು ಹಾಕುವ ಇನ್ನೊಂದು ಕಡೆ ಸೇರಿಕೊಂಡೆವು. ಆ 600 ದಿರ್‌ಹಮ್‌ನಿಂದಾಗಿ ಊರಿನಲ್ಲಿ ಮೇಲಿನ ಕೋಣೆಯ ಸ್ಲ್ಯಾಬ್ ಬೀಳಲಿಲ್ಲ. ಇಂದಿಗೂ ಬಿದ್ದಿಲ್ಲ, ಕಂಬದ ಸರಳುಗಳು ತುಕ್ಕು ಹಿಡಿದು ನಿಂತಿವೆ, ನೀವೆಲ್ಲ ನೋಡಿರುತ್ತೀರಿ. ಮನೆಯವರು ಚೇತರಿಸಿಕೊಳ್ಳಲು ಏಳೆಂಟು ತಿಂಗಳು ಹಿಡಿಯಿತು. ಈ ಸಂಗತಿಯನ್ನು ಸಭೆಯಲ್ಲಿ ಹೇಳಲು ನಾವು ಅವರ ಅನುಮತಿ ಕೇಳಿದೆವು. ಲೇಖನದ ವಿಷಯವನ್ನೂ ಸೇರಿಸಿ ಹೇಳುವುದಾದರೆ ಹೇಳಿ ಎಂದರು.

ಎರಡನೆಯ ಚಿಂತೆ ಭಾಷೆಯದು. ಮಗನಿಗೆ ಎರಡೂವರೆ ವರ್ಷವಾದರೂ ಮಾತು ಬರಲಿಲ್ಲ. ಮನೆಯಲ್ಲಿ ನಮ್ಮ ದಖ್ಖನಿ, ಪಕ್ಕದ ಕೋಣೆಯಲ್ಲಿ ಮಲೆಯಾಳ, ಅಕ್ಕನ ಶಾಲೆಯ ಇಂಗ್ಲಿಷ್, ಕಾರ್ಟೂನಿನ ಹಿಂದಿ. ಇಷ್ಟೊಂದು ಭಾಷೆಗಳಿಂದಲೇ ತಡವಾಯಿತೆಂದು ನಾವು ದೂರಿದೆವು. ಭಾಷೆಗಳನ್ನು ದೂರಬೇಡಿ, ಮಗುವಿನೊಂದಿಗೆ ಯಾರು ಮಾತನಾಡುತ್ತಾರೆ, ಪರದೆಯ ಮುಂದೆ ಎಷ್ಟು ಹೊತ್ತು ಕೂರುತ್ತದೆ, ಅದನ್ನು ನೋಡಿ ಎಂದು ತಜ್ಞರು ತಿದ್ದಿದರು. ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು, ಅದರಲ್ಲಿ ತೊಂದರೆಯಿರಲಿಲ್ಲ. ಮಗ ಈಗ ಅಗತ್ಯಕ್ಕಿಂತ ಹೆಚ್ಚೇ ಮಾತನಾಡುತ್ತಾನೆ.

ಮಗಳ ಕಥೆ ಬೇರೆ. 2019ರಲ್ಲಿ ಊರಿಗೆ ಮರಳಿದಾಗ ಆಕೆಗೆ ಎಂಟು ವರ್ಷ, ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ 2017-18ರಿಂದ ಹಂತಹಂತವಾಗಿ ಎಲ್ಲ ಶಾಲೆಗಳಲ್ಲೂ ಕನ್ನಡ ಕಡ್ಡಾಯವಾಗಿದೆ. ಅಲ್ಲಿರುವಾಗ ಈ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ. ದುಬೈಯಲ್ಲಿ 2014ರಿಂದಲೇ ಕನ್ನಡಿಗರು ಉಚಿತ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ನಾವಿದ್ದಲ್ಲಿಂದ ಅದು ಅಷ್ಟೇನೂ ದೂರವಿರಲಿಲ್ಲ. ಅರಬಿ ಕಲಿಸಿದೆವು, ಇಂಗ್ಲಿಷ್ ತಾನಾಗಿ ಬಂತು, ತಾನು ಹುಟ್ಟಿದ ಊರಿನ ಬಸ್ಸಿನ ಫಲಕ ಓದಲು ಮಾತ್ರ ಆಕೆ ಇಲ್ಲಿ ಒಂದನೆಯ ತರಗತಿಯ ಪುಸ್ತಕ ಹಿಡಿದು ಕೂರಬೇಕಾಯಿತು. ತರಗತಿಯಲ್ಲಿ ನಕ್ಕರು. ಮನೆಯಲ್ಲಿಯೂ ನಕ್ಕರು. "ದುಬೈ ಮೇಡಂ" ಎಂದು ಸ್ವಂತ ಬಂಧುಗಳೇ ಕರೆದರು. ಆಕೆ ಒಂದು ತಿಂಗಳು ದಾದಿಯ ಬೆನ್ನ ಹಿಂದೆಯೇ ಇದ್ದಳು.

ಇಲ್ಲಿ ಒಂದು ಚಾರಿತ್ರಿಕ ಘಟನೆಯನ್ನು ನೆನಪಿಸಲೇಬೇಕು. ಮಕ್ಕಾದ ಹಿಂಸೆ ತಾಳಲಾಗದೆ ಮುಸ್ಲಿಮರ ಒಂದು ತಂಡ ಅಬಿಸೀನಿಯಾಕ್ಕೆ ಹಿಜ್‌ರತ್ ಹೋಯಿತಷ್ಟೆ. ಅವರು ಅಲ್ಲಿ ಸಂಸಾರ ಹೂಡಿದ್ದರು. ಹಝ್ರತ್ ಜಅಫರ್(ರ) ಮತ್ತು ಅಸ್ಮಾ ಬಿಂತಿ ಉಮೈಸ್(ರ) ದಂಪತಿಗೆ ಮಕ್ಕಳಾದದ್ದು ಆ ಪರದೇಶದಲ್ಲಿಯೇ. ಖಾಲಿದ್ ಬಿನ್ ಸಈದ್(ರ)ರ ಪುಟ್ಟ ಮಗಳು ಉಮ್ಮು ಖಾಲಿದ್ ಕೂಡಾ ಅಲ್ಲಿ ಹುಟ್ಟಿದವಳು. ಅವರು ಮದೀನಕ್ಕೆ ಮರಳಿದ ಬಳಿಕ ಪ್ರವಾದಿವರ್ಯರ(ಸ) ಬಳಿಗೆ ಕೆಲವು ಬಟ್ಟೆಗಳು ಬಂದವು. ಅವುಗಳಲ್ಲಿ ಅಂಚಿನ ಗೆರೆಯಿದ್ದ ಒಂದು ಚಿಕ್ಕ ಕಪ್ಪು ಬಟ್ಟೆಯನ್ನು ಯಾರಿಗೆ ಕೊಡೋಣವೆಂದು ಕೇಳಿ, ಉಮ್ಮು ಖಾಲಿದ್‌ಳನ್ನು ಕರೆಸಿ, ತಮ್ಮ ಕೈಯಾರೆ ತೊಡಿಸಿದರು. ಬಳಿಕ ಆ ಗೆರೆಗಳನ್ನು ತೋರಿಸುತ್ತಾ 'ಸನಾ' ಎಂದರು. ಅದು ಅರಬಿ ಪದವಲ್ಲ, ಅಬಿಸೀನಿಯಾದ ಭಾಷೆಯಲ್ಲಿ 'ಚೆಂದ' ಎಂದರ್ಥ. ಇನ್ನೊಂದು ವರದಿಯಂತೆ ಆ ಮಗು ಅವರ ಬೆನ್ನ ಮೇಲಿನ ಮುದ್ರೆಯೊಂದಿಗೆ ಆಟವಾಡತೊಡಗಿದಾಗ ತಂದೆ ಗದರಿದರು, ಪ್ರವಾದಿವರ್ಯರು(ಸ) ಬಿಡಿ, ಆಡಲಿ ಎಂದರು. ಇದು ಬುಖಾರಿಯಲ್ಲಿದೆ. ಮದ್ರಸದಲ್ಲಿ ಈ ಹದೀಸನ್ನು ಓದುವಾಗ ನಾವು ವಸ್ತ್ರದ ಅಧ್ಯಾಯವೆಂದು ಓದಿದ್ದೆವು. ಮಗಳು ಅಜ್ಜಿಯ ಬೆನ್ನ ಹಿಂದೆ ಅಡಗಿದ ದಿನ ಅದರ ಇನ್ನೊಂದು ಅರ್ಥ ಹೊಳೆಯಿತು. ಪರದೇಶದಿಂದ ಮರಳಿದ ಮಗುವನ್ನು ಅವರು ಅದರ ಭಾಷೆಯಲ್ಲೇ ಮಾತನಾಡಿಸಿದ್ದರು.

ಇನ್ನೊಂದು ಚಿಕ್ಕ ವಿಷಯ. ಯುಎಇಯಲ್ಲಿ ಶಾಲೆಗಳ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಇಲ್ಲಿಯ ಮಕ್ಕಳಿಗೆ ಏಪ್ರಿಲ್, ಮೇ ತಿಂಗಳಲ್ಲಿ. ವರ್ಷಕ್ಕೊಮ್ಮೆ ಊರಿಗೆ ಬರುವ ಮಗು ಮಳೆಯಲ್ಲಿ ಬಾಗಿಲಲ್ಲಿ ನಿಂತು, ಚಿಕ್ಕಪ್ಪನ ಮಕ್ಕಳು ಶಾಲೆಯಿಂದ ಬರುವುದನ್ನೇ ಕಾಯುತ್ತದೆ. ಸಾಧ್ಯವಾದರೆ ಆ ಮಕ್ಕಳನ್ನು ಎರಡು ದಿನ ಶಾಲೆ ಬಿಡಿಸಿ. ಶಿಕ್ಷಕರು ಇಲ್ಲಿದ್ದರೆ ಕ್ಷಮಿಸಬೇಕು.

ಸರಕಾರಗಳ ಧೋರಣೆಯನ್ನೂ ಹೇಳದಿರಲಾಗದು. ಸೌದಿ ಅರೇಬಿಯಾವು 2017ರ ಜುಲೈಯಿಂದ ಅವಲಂಬಿತರ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲ್ ತೆರಿಗೆ ಹಾಕಿ, ಪ್ರತಿವರ್ಷ ನೂರರಂತೆ ಏರಿಸಿ 2020ರಲ್ಲಿ 400ಕ್ಕೆ ತಂದಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ತಿಂಗಳಿಗೆ 1600, ವರ್ಷಕ್ಕೆ 19,200 ರಿಯಾಲ್. ಎಷ್ಟೋ ಮನೆಗಳು ಆ ಒಂದು ಲೆಕ್ಕದಿಂದ ಎರಡು ಹೋಳಾದವು. ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತು. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿಯಿದೆ, ಅದರ ಬಾಗಿಲು ಬೆಂಗಳೂರಿನಲ್ಲಿದೆ. ಹುಬ್ಬಳ್ಳಿಯ ತಾಯಿಯೊಬ್ಬಳು ಮಗುವಿನ ಕಾಗದಕ್ಕಾಗಿ ಅಲ್ಲಿಯವರೆಗೆ ಹೋಗಬೇಕೇ?

ಕಾಗದವೆಂದಾಗ ನಮ್ಮ ಹಳೆಯ ಕಸುಬು ನೆನಪಾಗುತ್ತದೆ. ನಮ್ಮ ಮೇಜಿನ ಮುಂದೆ ಬಂದ ಅರ್ಜಿಗಳಲ್ಲಿ ಅತಿ ಹೆಚ್ಚು ಕೆಟ್ಟದ್ದು ಹೆಸರಿನಿಂದ. ನಿಕಾಹ್‌ನಾಮದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು. ಉರ್ದುವಿನ ನಿಕಾಹ್‌ನಾಮವೊಂದೇ ಹಿಡಿದು ಹೊರಡಬೇಡಿ. ಅದರ ಅನುವಾದ, ನೋಂದಣಿ, ದೃಢೀಕರಣಗಳನ್ನು ಊರಿನಲ್ಲಿರುವಾಗಲೇ ಮುಗಿಸಿ, ಅಲ್ಲಿಂದ ಕೂತು ಮಾಡಿಸಲು ತಿಂಗಳುಗಳು ಹಿಡಿಯುತ್ತವೆ. ಯುಎಇಯಲ್ಲಿ ಮಗು ಹುಟ್ಟಿದರೆ 120 ದಿನಗಳೊಳಗೆ ಅದರ ವೀಸಾ ಮಾಡಿಸಬೇಕು. ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿಯಾಗಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶ ಪೌರತ್ವ ಕೊಡುವುದಿಲ್ಲ. ಈ ನಾಡಿನಲ್ಲಿ ಕಾಗದವಿಲ್ಲದವರ ಪಾಡೇನೆಂಬುದನ್ನು ಈಚಿನ ವರ್ಷಗಳಲ್ಲಿ ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ಹೋಗಬಾರದೇ ಎಂದು ಒಬ್ಬ ಯುವಕರು ಸಭೆಗೆ ಮೊದಲೇ ಕೇಳಿದರು. ಹೋಗಿ. ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ಎರಡು ವರ್ಷಕ್ಕೊಮ್ಮೆ ಅತಿಥಿಯಂತೆ ಬರುವುದಕ್ಕಿಂತ ಒಂದು ಕೋಣೆಯಲ್ಲಿ ಒಟ್ಟಿಗಿರುವುದೇ ಮೇಲೆಂಬುದು ನಮ್ಮ ಅಭಿಪ್ರಾಯ, ಮನೆಯವರ ಅಭಿಪ್ರಾಯವೂ ಅದೇ. ಆದರೆ ಸಂಬಳವನ್ನು ಕೇಳುವಾಗ ಬಿಡುವ ಸಮಯವನ್ನೂ ಕೇಳಿ. ಹೆರಿಗೆಯ ತಿಂಗಳಲ್ಲಿ ತಾಯಿಯನ್ನೋ ಅತ್ತೆಯನ್ನೋ ಕರೆಸಲು ಬೇಕಾದ ಹಣವನ್ನು ಮೊದಲು ತೆಗೆದಿಡಿ, ಸ್ಲ್ಯಾಬ್ ಆಮೇಲೆ. ಇಲ್ಲಿರುವ ಹಿರಿಯರು ಫೋನಿನಲ್ಲಿ ಹಣ ಬಂತೇ ಎಂದು ಕೇಳುವ ಮೊದಲು ಸೊಸೆಯೊಂದಿಗೆ ಹತ್ತು ನಿಮಿಷ ಮಾತನಾಡಲಿ.

ಅಸರ್ ನಮಾಝಿನ ನಂತರ ನಾವು ಮಸೀದಿಯ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತೇವೆ. ಹೊರಡಲಿರುವವರು ನಿಕಾಹ್‌ನಾಮ, ಪಾಸ್‌ಪೋರ್ಟ್ ಮತ್ತು ಮಕ್ಕಳ ಜನನ ಪತ್ರ ತನ್ನಿ, ಹೆಸರುಗಳನ್ನು ತಾಳೆ ನೋಡಿ ಕೊಡುತ್ತೇವೆ. ಸಹೋದರಿಯರಿಗೆ ಕೇಳುವುದೇನಾದರೂ ಇದ್ದರೆ ನಮ್ಮ ಮನೆಯವರು ಪರದೆಯ ಆಚೆ ಎರಡನೆಯ ಸಾಲಿನಲ್ಲಿದ್ದಾರೆ.